ಊರಲ್ಲಿ ಆತ್ಮಹತ್ಯೆ ತಡೆ ಕಾರ್ಯಕ್ರಮ: ಜಾಥಾ, ಭಾಷಣ ಬಿಟ್ಟು ಇನ್ನೇನು ಮಾಡಬೇಕು?

ಪ್ರಶ್ನೆ: ಗ್ರಂಥಾಲಯ ಮೇಲ್ವಿಚಾರಕಿ, ಆಳಂದ ತಾಲೂಕು

ಎಲ್ಲರಿಗೂ ಶರಣು ಶರಣಾರ್ಥಿ. ಸೆಪ್ಟೆಂಬರ್ 10ರ ಆತ್ಮಹತ್ಯೆ ತಡೆ ದಿನಕ್ಕೆ ನಮ್ಮ ಪಂಚಾಯಿತಿಯಲ್ಲಿ ಕಾರ್ಯಕ್ರಮ ಮಾಡಬೇಕು ಅಂತ ಠರಾವಾಗಿದೆ. ಊರು ಸುಮಾರು 600 ಮನೆ. ತೊಗರಿ, ಉದ್ದು, ಹೆಸರು ಬೆಳೆಯುತ್ತಾರೆ. ಭಾಳ ಮಂದಿ ಬೇಸಿಗೆಯಲ್ಲಿ ಗುಳೆ ಹೋಗುತ್ತಾರೆ. ಸದ್ಯದ ಯೋಜನೆ ಇಷ್ಟು: ಶಾಲೆ ಮಕ್ಕಳ ಜಾಥಾ, ಗುಡಿ ಮುಂದೆ ಬೀದಿ ನಾಟಕ, ನಾಲ್ಕು ಗೋಡೆ ಬರಹ, ಹಿರಿಯರ ಭಾಷಣ. ನಾಟಕದಲ್ಲಿ ಸಾಲಗಾರ ರೈತನ ಸಾವು, ಆಮೇಲೆ ಹೆಂಡತಿ ಮಕ್ಕಳ ಗೋಳು. ನೋಡಿದವರ ಮನಸ್ಸಿಗೆ ನಾಟುತ್ತದೆ ಅನ್ನುತ್ತಾರೆ.

ನನಗೆ ಸಮಾಧಾನ ಇಲ್ಲ. ಆ ನಾಟಕ ಸರಿಯೋ ತಪ್ಪೋ? ಯಾರಾದರೂ ಕುಗ್ಗಿದ ಹಾಗೆ ಕಂಡರೆ ನೇರವಾಗಿ ಕೇಳಬಹುದೋ, ಕೇಳಿದರೆ ನಾವೇ ತಲೆಗೆ ತುಂಬಿದಂತಾಗುತ್ತದೋ? ಮನೆಮನೆಯಲ್ಲೂ ಹೊಲದ ಎಣ್ಣೆ (ಕೀಟನಾಶಕ) ಬಾಟಲಿ ಇವೆ, ಅವಕ್ಕೇನು ಮಾಡುವುದು? ಯಾರನ್ನು ಎಲ್ಲಿಗೆ ಕಳಿಸಬೇಕು? ತಿಳಿದವರು ಬಿಡಿಸಿ ಹೇಳ್ರಿ.

ಉತ್ತರ 1: ಮನೋಸಾಮಾಜಿಕ ಕಾರ್ಯಕರ್ತೆ, ಕಲಬುರಗಿ

ಅಕ್ಕಾವರೆ, ನಾಟಕದ ಆ ದೃಶ್ಯವನ್ನು ಮೊದಲು ಕೈಬಿಡಿ. ಸಾವನ್ನು ವೇದಿಕೆ ಮೇಲೆ ತೋರಿಸಿದರೆ ನೂರು ಮಂದಿ ಅತ್ತು ಮನೆಗೆ ಹೋಗುತ್ತಾರೆ. ಆದರೆ ಅದೇ ವಿಚಾರ ತಲೆಯಲ್ಲಿಟ್ಟುಕೊಂಡು ಮೂಲೆಯಲ್ಲಿ ಕೂತ ಒಬ್ಬರಿಗೆ ಅಲ್ಲಿ ದಾರಿ ತೋರಿಸಿದಂತೆ ಆಗುತ್ತದೆ. ಹೆಂಡತಿ ಮಕ್ಕಳ ಗೋಳೂ ಅವರನ್ನು ತಡೆಯುವುದಿಲ್ಲ. 'ನಾನು ಮನೆಗೆ ಭಾರ, ಹೋದರೆ ಇವರಾದರೂ ಹಗುರ ಆಗ್ತಾರ' ಎಂದು ಅವರು ಮೊದಲೇ ನಂಬಿಬಿಟ್ಟಿರುತ್ತಾರೆ. ನಾಟಕ ಬೇಕೇ ಬೇಕೆಂದರೆ ಕಥೆ ತಿರುಗಿಸಿ. ಒಬ್ಬ ಮಾತು ಕಡಿಮೆ ಮಾಡುತ್ತಾನೆ, ಕಾಕಾ ಒಬ್ಬರು ಗುರುತು ಹಿಡಿದು ಬದುವಿನ ಮೇಲೆ ಕೂತು ಕೇಳುತ್ತಾರೆ, ಇಬ್ಬರೂ ಕೂಡಿ ದವಾಖಾನೆಗೆ ಹೋಗುತ್ತಾರೆ, ಎರಡು ತಿಂಗಳಲ್ಲಿ ಅವನು ಮತ್ತೆ ಕುಂಟೆ ಹೊಡೆಯಲು ಹೊಲಕ್ಕೆ ಇಳಿಯುತ್ತಾನೆ. ಸಂಕಟದಿಂದ ಹೊರಗೆ ಬಂದವರ ಕಥೆ ಕೇಳಿದರೆ ಬದುಕುವ ಕಡೆಗೆ ಮನಸ್ಸು ವಾಲುತ್ತದೆ.

ಗೋಡೆ ಬರಹಕ್ಕೂ ಒಂದು ಮಾತು. ಪತ್ರಿಕೆಗಳಲ್ಲಿ 'ಆತ್ಮಹತ್ಯೆಗೆ ಶರಣು' ಎಂದು ಬರೆದು ಬರೆದು ನಮಗೆ ರೂಢಿಯಾಗಿದೆ. ಕಲಬುರಗಿ ಸೀಮೆಯಲ್ಲಿ ಶರಣು ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ನೀವೂ ಅದೇ ಮಾತಿನಿಂದ ಶುರು ಮಾಡಿದ್ದೀರಿ. ಅದನ್ನು ಸಾವಿನ ಪಕ್ಕ ಇಟ್ಟರೆ ಸಾವಿಗೆ ಗೌರವ ಕಟ್ಟಿದಂತೆ. 'ಆತ್ಮಹತ್ಯೆಯಿಂದ ತೀರಿಕೊಂಡರು' ಎನ್ನಿ, ಸಾಕು. 'ವಿಫಲ ಯತ್ನ' ಎನ್ನಬೇಡಿ, 'ಬದುಕಿ ಉಳಿದರು' ಎನ್ನಿ. 'ಸಾಲಬಾಧೆ ತಾಳದೆ' ಎಂದು ಒಂದೇ ಕಾರಣ ಅಂಟಿಸುವುದೂ ಬೇಡ. 2022ರಲ್ಲಿ ದೇಶದಲ್ಲಿ 1,70,924 ಮಂದಿ ಹೀಗೆ ತೀರಿಕೊಂಡರು ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಲೆಕ್ಕ. ಅದರಲ್ಲಿ ಕೌಟುಂಬಿಕ ಸಮಸ್ಯೆ 31.7 ಪ್ರತಿಶತ, ಕಾಯಿಲೆ 18.4 ಪ್ರತಿಶತ. ಕೃಷಿ ವಲಯದವರು 6.6 ಪ್ರತಿಶತ, ದಿನಗೂಲಿಯವರು 26.4 ಪ್ರತಿಶತ. ಹಾಗಾಗಿ 'ರೈತರೇ ಎದೆಗುಂದಬೇಡಿ' ಎಂದು ಮಾತ್ರ ಬರೆದರೆ ಕೂಲಿಯವರು, ಬಾಣಂತಿಯರು, ಪಿಯುಸಿ ಹುಡುಗರು, ಮಕ್ಕಳೆಲ್ಲ ಗುಳೆ ಹೋದ ಮೇಲೆ ಮನೆ ಕಾಯುವ ಮುದುಕರು ಹೊರಗೇ ಉಳಿಯುತ್ತಾರೆ. ಗೋಡೆ ಮೇಲೆ ದೊಡ್ಡದಾಗಿ ಇರಬೇಕಾದ್ದು 14416. ಅದು ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾದದ್ದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬರೆಯುವ ಮುಂಚೆ ನೀವೇ ಒಮ್ಮೆ ಕರೆ ಮಾಡಿ, ಯಾವ ಗುಂಡಿ ಒತ್ತಿದರೆ ಕನ್ನಡ ಬರುತ್ತದೆ ನೋಡಿಟ್ಟುಕೊಳ್ಳಿ. ಸಂಕಟದಲ್ಲಿ ಇದ್ದವರಿಗೆ ಧ್ವನಿಮುದ್ರಿತ ಸೂಚನೆ ಕೇಳುವ ತಾಳ್ಮೆ ಇರುವುದಿಲ್ಲ.

ಇನ್ನು ಕೇಳುವ ವಿಷಯ. ನೇರವಾಗಿ ಕೇಳಬಹುದು, ಕೇಳಲೇಬೇಕು. ಕೇಳಿದರೆ ತಲೆಗೆ ತುಂಬಿದಂತಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹೆಚ್ಚಿನವರಿಗೆ ಎದೆ ಹಗುರಾಗುತ್ತದೆ. ಆದರೆ ಕೇಳುವ ರೀತಿ ಮುಖ್ಯ. 'ಹಂಗೇನೂ ಮಾಡ್ಕೊಳ್ಳಾಂಗಿಲ್ಲ ಅಲ್ಲ?' ಎಂದು ಕೇಳಿದರೆ 'ಇಲ್ಲ' ಎನ್ನುವ ಉತ್ತರವನ್ನು ನೀವೇ ಅವರ ಬಾಯಲ್ಲಿ ಇಟ್ಟಂತೆ. ಕಟ್ಟೆ ಮೇಲೆ ನಾಲ್ಕು ಜನರ ನಡುವೆ ಕೇಳಬೇಡಿ. ಮೊದಲು ಕಂಡದ್ದನ್ನು ಹೇಳಿ: 'ತಮ್ಮಾ, ಹದಿನೈದು ದಿನ ಆಯ್ತು, ಊಟ ಸರಿ ಇಲ್ಲ, ರಾತ್ರಿ ಅಂಗಳದಾಗ ಒಬ್ಬನೇ ಕುಂತಿರ್ತಿ.' ಸ್ವಲ್ಪ ಬಿಟ್ಟು: 'ಇಷ್ಟು ತ್ರಾಸ ಆದಾಗ ಜೀವಾನೇ ಬ್ಯಾಡ ಅನಸ್ತದ. ನಿನಗೂ ಸಾಯಬೇಕು ಅನ್ನೋ ವಿಚಾರ ಬಂದದೇನು?' ಆಮೇಲೆ ಸುಮ್ಮನಿರಿ. ಆ ಮೌನ ಒಂದು ನಿಮಿಷ ಹಿಡಿದರೂ ತುಂಬಲು ಹೋಗಬೇಡಿ. ಹೌದು ಎಂದರೆ ಇನ್ನೆರಡು ಕೇಳಬೇಕು: ಹೇಗೆ, ಯಾವಾಗ ಎಂದು ವಿಚಾರ ಮಾಡಿದ್ದಾರಾ? ಹಿಂದೆ ಯಾವಾಗಾದರೂ ಪ್ರಯತ್ನ ಆಗಿತ್ತಾ? ಈ ಎರಡರಲ್ಲಿ ಒಂದಕ್ಕೆ ಹೌದು ಬಂದರೂ ಆ ರಾತ್ರಿ ಅವರನ್ನು ಒಬ್ಬರೇ ಬಿಡುವಂತಿಲ್ಲ, ಮರುದಿನವೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು. 'ಯಾರಿಗೂ ಹೇಳಬ್ಯಾಡ' ಎಂದು ಆಣೆ ಹಾಕಿಸಿದರೆ ಒಪ್ಪಬೇಡಿ. 'ನಿನ್ನ ಜೀವ ಉಳಿಸಲಿಕ್ಕ ಎಷ್ಟು ಬೇಕೋ ಅಷ್ಟು ಒಬ್ಬರಿಗೆ ಹೇಳ್ತೀನಿ' ಎಂದು ಮುಖ ನೋಡಿ ಹೇಳಿ.

ಬಾಯಿಗೆ ಬರಬಾರದ ಮಾತುಗಳೂ ಇವೆ. 'ಹೆಂಡ್ರ ಮಕ್ಕಳ ಮಾರಿ ನೋಡು', 'ಗಂಡಸಾಗಿ ಅಳ್ತಿ?', 'ನಿನಗಿಂತ ಕಷ್ಟದಾಗ ಇದ್ದವರು ಬದುಕ್ಯಾರ'. ಮೂರೂ ಕೇಳುವವರ ಪಾಲಿಗೆ ಒಂದೇ: ನೀನು ಹೀನ.

ಗುರುತಿನ ವಿಷಯದಲ್ಲಿ ಪಟ್ಟಿ ಕೊಟ್ಟರೆ ಜನ ಪಟ್ಟಿಯಷ್ಟೇ ಹುಡುಕುತ್ತಾರೆ, ಅದಕ್ಕೆ ಒಂದೇ ಮಾತು: ಬದಲಾವಣೆ ನೋಡಿ. ಕುಡಿಯದವರು ಕುಡಿಯತೊಡಗಿದರೆ, ಕುಡಿಯುವವರದು ಹೆಚ್ಚಿದರೆ, ಎತ್ತು ಮಾರಿ ಲೆಕ್ಕ ಚುಕ್ತಾ ಮಾಡತೊಡಗಿದರೆ, 'ಮಕ್ಕಳ ಕಡೆ ಲಕ್ಷ್ಯ ಇರಲಿ' ಎಂದು ತಂಗಿ ಮನೆಗೆ ಹೋಗಿ ಹೇಳಿ ಬಂದರೆ. ವಾರಗಟ್ಟಲೆ ಕುಗ್ಗಿದ್ದವರು ಒಂದು ದಿನ ಇದ್ದಕ್ಕಿದ್ದಂತೆ ಶಾಂತರಾದರೆ ಅಂದು ಇನ್ನೂ ಹತ್ತಿರ ಇರಿ.

ಉತ್ತರ 2: ಸಮುದಾಯ ಆರೋಗ್ಯ ಅಧಿಕಾರಿ, ಯಾದಗಿರಿ ಜಿಲ್ಲೆ

ಮೇಡಂ ಹೇಳಿದ್ದಕ್ಕೆ ಮುಂದಿನ ಹೆಜ್ಜೆ ಸೇರಿಸುತ್ತೇನೆ. ಎಲ್ಲಿಗೆ ಕಳಿಸಬೇಕು ಎಂಬುದು ಕಾರ್ಯಕ್ರಮಕ್ಕೆ ಮುಂಚೆಯೇ ಗಟ್ಟಿಯಾಗಿರಬೇಕು. ಎದೆ ಬಿಚ್ಚಿದ ಮೇಲೆ 'ನೋಡೋಣ, ಡಾಕ್ಟರ್ ಯಾವಾಗ ಬರ್ತಾರೋ' ಎಂದರೆ ಅವರು ಎರಡನೇ ಸಲ ಬಾಯಿ ತೆರೆಯುವುದಿಲ್ಲ.

ಉಪಕೇಂದ್ರದಲ್ಲಿ ನಾವು ಒಂಬತ್ತು ಪ್ರಶ್ನೆಗಳ ಖಿನ್ನತೆ ಪತ್ರಿಕೆ ಕೇಳುತ್ತೇವೆ. ಒಂಬತ್ತನೆಯದು ಸಾವಿನ ವಿಚಾರದ್ದು. ಉಳಿದ ಎಂಟಕ್ಕೆ ಅಂಕ ಕಡಿಮೆ ಬಂದರೂ ಒಂಬತ್ತಕ್ಕೆ ಸೊನ್ನೆ ಬರದಿದ್ದರೆ ಮುಂದೆ ಕಳಿಸಲೇಬೇಕು. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗೆ ಬರುತ್ತಾರೆ. ನಿಮ್ಮ ತಾಲೂಕಿಗೆ ತಿಂಗಳಲ್ಲಿ ಯಾವ ಮಂಗಳವಾರ ಎಂದು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರಿಗೆ ಕೇಳಿ ಗ್ರಂಥಾಲಯದ ಬಾಗಿಲಿಗೆ ಅಂಟಿಸಿ. ಅಷ್ಟು ದಿನ ಕಾಯಲಾಗದವರಿಗೆ ಕಲಬುರಗಿಯಲ್ಲಿ ಜಿಮ್ಸ್, ಬೀದರದಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಚೀಟಿ ಬರೆದು ಕೈಗೆ ಕೊಟ್ಟರೆ ಆ ಚೀಟಿ ಜೇಬಲ್ಲೇ ಉಳಿಯುತ್ತದೆ. ಆಶಾ ಕಾರ್ಯಕರ್ತೆಯೋ ನಂಬಿಕೆಯ ನೆಂಟರೋ ಒಬ್ಬರು ಜೊತೆಗೆ ಹೋಗಬೇಕು, ಬಸ್ ಚಾರ್ಜು ಯಾರದು ಎಂಬುದೂ ಮೊದಲೇ ತೀರ್ಮಾನವಾಗಿರಬೇಕು.

ಗುಳಿಗೆ ಶುರುವಾದ ಮೇಲೆ ಹೆಚ್ಚು ತಪ್ಪುವುದು ಮೊದಲ ಎರಡು ವಾರದಲ್ಲಿ. ಖಿನ್ನತೆಯ ಗುಳಿಗೆ ಗುಣ ತೋರಿಸಲು 2ರಿಂದ 4 ವಾರ ಬೇಕು. ಆದರೆ ವಾಕರಿಕೆ, ತಲೆಭಾರ ಮೊದಲ ವಾರದಲ್ಲೇ ಬರುತ್ತವೆ. 'ಇದ್ದದ್ದಕ್ಕಿಂತ ಹೆಚ್ಚಾತು' ಎಂದು ಬಿಟ್ಟುಬಿಡುತ್ತಾರೆ. ಇದನ್ನು ಮೊದಲ ದಿನವೇ ಹೇಳಿ. ಶುರುವಿನಲ್ಲಿ 7ರಿಂದ 15 ದಿನದಷ್ಟೇ ಗುಳಿಗೆ ಕೊಡಿ ಎಂದು ವೈದ್ಯರಿಗೆ ಕೇಳಿ, ಆ ಗುಳಿಗೆ ಮನೆಯವರ ಕೈಯಲ್ಲಿರಲಿ.

ಒಮ್ಮೆ ಪ್ರಯತ್ನ ಮಾಡಿ ಬದುಕಿ ಬಂದವರ ಮನೆಗೆ ಮತ್ತೆ ಮತ್ತೆ ಹೋಗುವುದು ಎಲ್ಲಕ್ಕಿಂತ ದೊಡ್ಡ ಕೆಲಸ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ ಸೇರಿ ಐದು ಕಡೆ ಒಂದು ಪ್ರಯೋಗ ಮಾಡಿತ್ತು, ಫಲಿತಾಂಶ 2008ರಲ್ಲಿ ಬಂತು. ಆಸ್ಪತ್ರೆಯಲ್ಲಿ ಸುಮಾರು ಒಂದು ತಾಸಿನ ಮಾತುಕತೆ, ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನು ಅಥವಾ ಭೇಟಿ: 1, 2, 4, 7, 11ನೇ ವಾರ, ಆಮೇಲೆ 4, 6, 12, 18ನೇ ತಿಂಗಳು. ಮಾಮೂಲಿ ಚಿಕಿತ್ಸೆ ಮಾತ್ರ ಪಡೆದವರಿಗಿಂತ ಈ ಗುಂಪಿನಲ್ಲಿ ಆತ್ಮಹತ್ಯೆಯ ಸಾವು ತೀರಾ ಕಡಿಮೆ ಆಗಿತ್ತು. ಇದಕ್ಕೆ ದೊಡ್ಡ ಡಿಗ್ರಿ ಬೇಕಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಒಂಬತ್ತು ದಿನಕ್ಕೆ ಗುರುತು ಹಾಕಿ, ಹೆಸರು ಬರೆಯಬೇಡಿ, ಆ ದಿನ ಹೋಗಿ ಚಹಾ ಕುಡಿದು 'ನಿದ್ದಿ ಹೆಂಗದ, ಆ ವಿಚಾರ ಮತ್ತ ಬಂತೇನು' ಎಂದು ಕೇಳಿ ಬನ್ನಿ.

ಅವರ ಜೊತೆ ಕೂತು ಒಂದು ಹಾಳೆಯನ್ನೂ ಮಾಡಬೇಕು. ಯಾವುದು ಶುರುವಾದರೆ ಅಪಾಯ ಎಂದು ಅವರದೇ ಮಾತಲ್ಲಿ, 'ಕಂತಿನ ಹಿಂದಿನ ರಾತ್ರಿ ನಿದ್ದಿ ಬರಾಂಗಿಲ್ಲ' ಎಂಬ ಹಾಗೆ. ಆಗ ಏನು ಮಾಡಿದರೆ ಮನಸ್ಸು ಸ್ವಲ್ಪ ಸರಿಯುತ್ತದೆ, ಯಾರ ಮನೆಗೆ ಹೋಗಿ ಕೂಡಬಹುದು, ಯಾರಿಗೆ ಫೋನು, ಕೊನೆಗೆ 14416 ಮತ್ತು ದವಾಖಾನೆ. ಓದು ಬಾರದವರಿಗೆ ಹಾಳೆ ವ್ಯರ್ಥ. ಅವರ ಫೋನಿನಲ್ಲಿ ಒಂದನೇ ಗುಂಡಿ ಒತ್ತಿ ಹಿಡಿದರೆ ಅಣ್ಣನಿಗೆ, ಎರಡನೆಯದಕ್ಕೆ 14416 ಹೋಗುವಂತೆ ಇಟ್ಟು, ಅವರಿಂದಲೇ ಒತ್ತಿಸಿ ನೋಡಿ.

ವಿಷ ಹೊಟ್ಟೆಗೆ ಹೋದ ಅನುಮಾನ ಬಂದರೆ 108ಕ್ಕೆ ಕರೆ, ಅದು ತಡವಾದರೆ ಸಿಕ್ಕ ಗಾಡಿ. ಉಪ್ಪುನೀರು, ಹುಣಸೆ ಹುಳಿ, ಸಾಬೂನು ನೀರು ಯಾವುದನ್ನೂ ಕುಡಿಸಬೇಡಿ, ವಾಂತಿ ಮಾಡಿಸಬೇಡಿ. ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಎಡ ಮಗ್ಗುಲಿಗೆ ಮಲಗಿಸಿ, ತೊಯ್ದ ಬಟ್ಟೆ ತೆಗೆದು ಮೈ ತೊಳೆಯಿರಿ, ತೊಳೆಯುವವರು ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಳ್ಳಿ. ಬಾಟಲಿಯನ್ನೋ ಅದರ ಚೀಟಿಯನ್ನೋ ಜೊತೆಗೆ ಒಯ್ಯಿರಿ. ಹೆಸರು ಗೊತ್ತಾದರೆ ಚಿಕಿತ್ಸೆ ಬೇಗ. ದೆಹಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರ 1800 116 117ರಲ್ಲಿ ವೈದ್ಯರೂ ಕೇಳಬಹುದು. ಮರುದಿನ ಎದ್ದು ಕೂತು ಮಾತಾಡಿದರು ಎಂದು ಬಿಡಿಸಿಕೊಂಡು ಬರುವುದು ದೊಡ್ಡ ತಪ್ಪು. ವೈದ್ಯರು ಬಿಡುವ ತನಕ ಅಲ್ಲೇ ಇರಿ.

ಪೊಲೀಸ್ ಕೇಸಿನ ಹೆದರಿಕೆಗೆ ತಡ ಮಾಡುವವರು ಭಾಳ. ಕಾರ್ಯಕ್ರಮದಲ್ಲಿ ಇದನ್ನು ಜೋರಾಗಿ ಹೇಳಿ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮಿನ ಪ್ರಕಾರ ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ, ಆರೈಕೆ ಕೊಡುವುದು ಸರ್ಕಾರದ ಹೊಣೆ. ಹಳೆಯ ದಂಡ ಸಂಹಿತೆಯ 309ನೇ ಕಲಮು 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಸರ್ಕಾರಿ ನೌಕರರ ಮೇಲೆ ಒತ್ತಡ ಹಾಕಲು ಮಾಡುವ ಪ್ರಯತ್ನಕ್ಕಷ್ಟೇ 226ನೇ ಕಲಮು ಉಳಿದಿದೆ. ಆಸ್ಪತ್ರೆಯವರು ಠಾಣೆಗೆ ತಿಳಿಸುತ್ತಾರೆ, ಅದು ದಾಖಲೆಗೆ. ಅದಕ್ಕಾಗಿ ಚಿಕಿತ್ಸೆ ನಿಲ್ಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಉತ್ತರ 3: ಕೃಷಿ ಇಲಾಖೆ, ಬೀದರ ಜಿಲ್ಲೆ

ಎಣ್ಣಿ ಬಾಟಲಿ ಬಗ್ಗೆ ನಾ ಹೇಳ್ತೀನ್ರಿ. ಸಾಯಬೇಕು ಅನ್ನೋ ಆ ಜೋರು ಭಾಳ ಮಂದಿಗೆ ಸ್ವಲ್ಪ ಹೊತ್ತಿಂದ. ಆ ಹೊತ್ತಿನ್ಯಾಗ ಕೈಗೆ ಏನು ಸಿಗ್ತದ ಅನ್ನೋದರ ಮ್ಯಾಲೆ ಜೀವ ನಿಂತದ. ಶ್ರೀಲಂಕಾದಾಗ ಅತಿ ವಿಷದ ಕೀಟನಾಶಕ ಒಂದೊಂದೇ ನಿಷೇಧ ಮಾಡ್ಕೋತ ಬಂದ ಮ್ಯಾಲೆ ಆತ್ಮಹತ್ಯೆ ಪ್ರಮಾಣ 1990ರ ದಶಕದ ಮಟ್ಟಕ್ಕಿಂತ ಸುಮಾರು 70 ಪ್ರತಿಶತ ಇಳೀತು.

ಆದರ ಮನಿಗೊಂದು ಬೀಗದ ಪೆಟ್ಟಿಗಿ ಹಂಚೋದಕ್ಕ ಪಂಚಾಯಿತಿ ರೊಕ್ಕ ಹಾಕಬ್ಯಾಡ್ರಿ. ಅದೇ ಶ್ರೀಲಂಕಾದ 180 ಊರಾಗ ಅದನ್ನ ಪರೀಕ್ಷೆ ಮಾಡ್ಯಾರ, 2017ರಾಗ ಫಲಿತಾಂಶ ಬಂತು, ಫರಕೇನೂ ಕಾಣಲಿಲ್ಲ. ಬೀಗದ ಕೈ ಮನ್ಯಾಗೇ ಮೊಳಿಗೆ ತೂಗ್ತಿದ್ದರ ಪೆಟ್ಟಿಗಿ ಇದ್ದೂ ಏನು? ತಮಿಳುನಾಡಿನ ಕಡಲೂರು ಜಿಲ್ಲಾದಾಗ ಊರಿಗೊಂದು ಕೂಡು ಕೋಣಿ ಕಟ್ಟಿ, ಮನಿಗೊಂದು ಲಾಕರ್ ಕೊಟ್ಟು ನೋಡ್ಯಾರ. ಸಣ್ಣ ಪ್ರಯೋಗ ಅದು, ಆದರೂ ಫಲ ಛಲೋ ಕಾಣಿಸ್ತು. ಮನೀಗೂ ಬಾಟಲಿಗೂ ನಡುವೆ ನಾಲ್ಕು ಹೆಜ್ಜಿ ಮತ್ತ ಒಬ್ಬ ಮನುಷ್ಯಾ ಬರಬೇಕು, ಅದೇ ಅದರ ಗುಟ್ಟು.

ನಿಮ್ಮೂರಾಗ ಸೊಸೈಟಿ ಗೋದಾಮಿನ್ಯಾಗ ಒಂದು ಮೂಲಿ ಬಿಡಿಸಿಕೊಳ್ರಿ. ಗಾಳಿ ಆಡೋ ಕಿಟಕಿ ಇರಬೇಕು, ಬೀಜ ಮತ್ತ ರೇಷನ್ ಜೋಡಿ ಇಡಬಾರದು, ಸಾಲಿ ಮತ್ತ ಬಾವಿ ದೂರ ಇರಬೇಕು, ಕೈ ತೊಳೆಯಲಿಕ್ಕ ನೀರು ಸಾಬೂನು ಬೇಕು. ಬಾಗಿಲಿಗೆ ಎರಡು ಬೀಗ, ಎರಡು ಕೈ ಇಬ್ಬರ ಹತ್ತರ. ಮುಂಜಾನಿ 6ರಿಂದ 9, ಸಂಜಿ 5ರಿಂದ 7 ಅಷ್ಟೇ ತೆರೀರಿ. ಒಂದು ವಹಿಯಾಗ ಹೆಸರು, ಬೆಳಿ, ಎಷ್ಟು ಎಕರೆ, ಒಯ್ದದ್ದೆಷ್ಟು, ತಿರುಗಿ ತಂದದ್ದೆಷ್ಟು. ಕುಡಿದು ಬಂದವರಿಗೆ, ರಾತ್ರಿ ಬಂದವರಿಗೆ ಕೊಡಂಗಿಲ್ಲ. ಇದು ಎಲ್ಲಿ ಕೆಡ್ತದ ಅಂದ್ರ, ಸಿಂಪರಣಿ ಜೋರಿದ್ದಾಗ. ತೊಗರಿ ಹೂವು ಕಾಯಿ ಹಿಡಿಯೋ ಹೊತ್ತಿಗೆ ಕಾಯಿಕೊರಕ ಬಂತಂದ್ರ ಮುಂಜಾನಿ ಐದಕ್ಕೇ ಬೇಕು ಅಂತಾರ. ಕೋಣಿ ಕೈ ಇದ್ದವ ಏಳೋದಿಲ್ಲ, ಮರುದಿನದಿಂದ ಬಾಟಲಿ ಮನಿಗೇ ಹೋಗ್ತಾವ. ಹಂಗಾಗಿ ಆ ಆರೆಂಟು ವಾರಕ್ಕ ಬ್ಯಾರೇ ವ್ಯಾಳ್ಯಾ ಇಡ್ರಿ.

ಕೋಣಿ ಆಗೋ ತನಕ ಮಾಡೋದು ಅದ: ಒಂದು ಸಿಂಪರಣಿಗೆ ಬೇಕಾದಷ್ಟೇ ಖರೀದಿ. ಎಕರೆಗೆ ಇಷ್ಟು ಮಿಲಿ ಅಂತ ರೈತ ಸಂಪರ್ಕ ಕೇಂದ್ರದಾಗ ಲೆಕ್ಕ ಹಾಕಿಸಿಕೊಂಡ್ರ ಅರ್ಧ ಬಾಟಲಿ ಗ್ವಾಡಿ ಮಾಡದಾಗ ಉಳಿಯಾಂಗಿಲ್ಲ. ಉಳಿದ ಬಾಟಲಿ ಇರ್ತಾವಲ್ಲ, ಬಿರಡಿ ಸಡಲಾಗಿ, ಹೆಸರಿನ ಚೀಟಿ ಹರಿದು, ದೇವರ ದೀಪದ ಎಣ್ಣಿ ಬಾಟಲಿ ಪಕ್ಕದಾಗೇ, ಅವು ಯಾವ ಬೆಳಿಗೂ ಕೆಲಸಕ್ಕ ಬರಾಂಗಿಲ್ಲ. ದೀಪಾವಳಿಗೆ ಮನಿ ಸ್ವಚ್ಛ ಮಾಡೋ ಹೊತ್ತಿಗೆ ಊರ ತುಂಬ ಒಂದೇ ದಿನ ಕೂಡಿಸ್ರಿ. ಬಾವಿಗೆ, ಹಳ್ಳಕ್ಕ ಸುರುವಬ್ಯಾಡ್ರಿ, ಸುಡಬ್ಯಾಡ್ರಿ, ಹೋಬಳಿ ಕೇಂದ್ರಕ್ಕ ಮೊದಲೇ ತಿಳಿಸಿ ಒಯ್ಯೋ ವ್ಯವಸ್ಥಾ ಮಾಡ್ರಿ. ಯಾರ ಮ್ಯಾಲೆ ಅನುಮಾನ ಅದನೋ ಅವರ ಮನ್ಯಾಗಿಂದ ಮಾತ್ರ ಅವತ್ತೇ ತೆಗೀಬೇಕು, ಅವರಿಗೆ ಹೇಳಿಯೇ ತೆಗೀರಿ.

ಎಣ್ಣಿ ಅಂಗಡಿಯವರನ್ನ ಬಿಡಬ್ಯಾಡ್ರಿ. ಯಾವ ಬೆಳಿ, ಎಷ್ಟು ಎಕರೆ, ಯಾವ ಹುಳ ಅಂತ ಮೂರು ಮಾತು ಕೇಳಲಿ. ಉತ್ತರ ತಡವರಿಸಿದ್ರ 'ಸ್ಟಾಕ್ ಇಲ್ಲ, ನಾಳಿ ಬಾ' ಅಂತ ಹೇಳಿ ಕುಂದ್ರಿಸಿ, ಮನಿಯವರಿಗೆ ಫೋನ್ ಮಾಡಲಿ.

ಉತ್ತರ 4: ಹಣಕಾಸು ಸಾಕ್ಷರತೆ ಕಾರ್ಯಕರ್ತ, ಶಹಾಪುರ

ಸಾಲ ಒಂದೇ ಕಾರಣ ಅಲ್ಲ, ಸರಿ. ಆದರೆ ಬಾಗಿಲಿಗೆ ಬಂದು ಮಾನ ಕಳೆಯುವುದು ಮಾತ್ರ ನಿಲ್ಲಿಸಬಹುದಾದದ್ದು. ರಿಸರ್ವ್ ಬ್ಯಾಂಕಿನ 2022ರ ಮೈಕ್ರೋ ಫೈನಾನ್ಸ್ ನಿಯಮದಂತೆ ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಸಾಲಗಾರರಿಗೆ ಫೋನ್ ಮಾಡುವಂತಿಲ್ಲ. ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲೇ. ಸತತ ಎರಡು ಸಲ ಅಲ್ಲಿಗೆ ಬರದಿದ್ದರಷ್ಟೇ ಮನೆಗೆ ಬರಬಹುದು. ಬೈಗುಳ, ಬೆದರಿಕೆ, ನೆಂಟರಿಗೆ ಕಾಟ ಕೊಡುವುದು ನಿಷಿದ್ಧ. ಎಲ್ಲ ಸಾಲದ ಕಂತು ಕೂಡಿ ಕುಟುಂಬದ ತಿಂಗಳ ಆದಾಯದ ಅರ್ಧ ಮೀರಬಾರದು. ದೂರಿಗೆ ಮೊದಲು ಆ ಸಂಸ್ಥೆಗೆ ಬರೆದುಕೊಡಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿಗೆ, ಮಾಹಿತಿಗೆ 14448. ನೋಂದಣಿಯಿಲ್ಲದೆ ಬಡ್ಡಿ ವ್ಯವಹಾರ ಮಾಡಿ ಕಿರುಕುಳ ಕೊಡುವವರಿಗೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸುಗ್ರೀವಾಜ್ಞೆಯಾಗಿ ತಂದು ಆಮೇಲೆ ಕಾಯ್ದೆ ಮಾಡಿದ ಕಾನೂನಿನಲ್ಲಿ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ ಇದೆ.

ವೇದಿಕೆಯಲ್ಲಿ ಒಂದು ಮಾತು ಬೇಡ: ತೀರಿಕೊಂಡ ರೈತನ ಮನೆಗೆ ಸಿಗುವ ಪರಿಹಾರದ ಮೊತ್ತ. 'ನಾ ಹೋದ್ರ ಮನಿಗೆ ಅಷ್ಟಾದರೂ ಬರ್ತದ' ಎಂದು ಲೆಕ್ಕ ಹಾಕುವವರು ಆ ಗುಂಪಿನಲ್ಲಿ ಇರಬಹುದು. ಆ ಮಾಹಿತಿ ಬೇಕಾದ ಮನೆಗೆ ಖಾಸಗಿಯಾಗಿ ತಲುಪಿಸಿ.

ಗ್ರಂಥಾಲಯ ಮೇಲ್ವಿಚಾರಕಿ, ಆಳಂದ ತಾಲೂಕು

ಎಲ್ಲರಿಗೂ ಕೈಮುಗಿದೆ. ನಾಟಕದ ಕಥೆ ಬದಲಿಸಲು ಒಪ್ಪಿಸಿದ್ದೇನೆ. ಇನ್ನೊಂದು ಕೇಳುವುದಿದೆ: ಈಗಾಗಲೇ ಒಂದು ಸಾವು ಆದ ಓಣಿಯಲ್ಲಿ ಏನು ಮಾಡಬೇಕು?

ಉತ್ತರ 1ರವರು

ಅಕ್ಕಾವರೆ, ಆ ಓಣಿಯಲ್ಲಿ ಜಾಥಾ ಬೇಡ, ಮೈಕ್ ಬೇಡ. ಫೋಟೋ, ಚೀಟಿ, ವಿಡಿಯೋ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿದ್ದರೆ ಗುಂಪು ನಡೆಸುವವರಿಗೆ ಹೇಳಿ ಇವತ್ತೇ ಅಳಿಸಿ. ಮನೆಯವರ ಹತ್ತಿರ 'ಯಾಕ ಮಾಡ್ಕೊಂಡ?' ಎಂದು ಕೇಳಬೇಡಿ, ಆ ಪ್ರಶ್ನೆಯನ್ನು ಅವರು ತಮಗೇ ಸಾವಿರ ಸಲ ಕೇಳಿಕೊಂಡಿರುತ್ತಾರೆ. ದಿವಸ ಮುಗಿದು ನೆಂಟರೆಲ್ಲ ಹೋದ ಮೇಲೆ ಮನೆ ಬಣಗುಟ್ಟುತ್ತದಲ್ಲ, ಹೋಗಬೇಕಾದ್ದು ಆಗ. ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗಿ, ತೀರಿಕೊಂಡವರ ಹೆಸರು ಹಿಡಿದೇ ಮಾತಾಡಿ. ಹೆಸರು ಎತ್ತಲು ಎಲ್ಲರೂ ಹೆದರುತ್ತಾರೆ, ಮನೆಯವರಿಗೆ ಅದೇ ಕೇಳಬೇಕಾಗಿರುತ್ತದೆ. ಹೆಂಡತಿ, ಮಕ್ಕಳು, ಜೋಡಿ ಗೆಳೆಯ, ಮೊದಲು ನೋಡಿದವರು, ಇವರ ಮೇಲೆ ಕನಿಷ್ಠ ಮೂರು ತಿಂಗಳು ಕಣ್ಣಿರಲಿ. ಆಮೇಲೆ ವರ್ಷದ ದಿನ ಮತ್ತೆ ಹೋಗಿ. ಶಾಲೆಗೆ ಹೋಗುವ ಮಕ್ಕಳಿದ್ದರೆ ಮಾಸ್ತರರಿಗೆ ಮೊದಲೇ ಹೇಳಿಡಿ. ತರಗತಿಯಲ್ಲಿ ಬೇರೆ ಮಕ್ಕಳು ಕೇಳಿದಾಗ ಏನು ಹೇಳಬೇಕು ಎಂದು ಆ ಮಗುವಿಗೆ ಒಂದು ವಾಕ್ಯ ಕಲಿಸಿ: 'ನಮ್ಮಪ್ಪಗ ಆರಾಮ ಇರಲಿಲ್ಲ, ತೀರಿಕೊಂಡಾನ.'

ಹಾಗೇ ಪಿಯುಸಿ, ಎಸ್ಸೆಸ್ಸೆಲ್ಸಿ ಫಲಿತಾಂಶದ ಹಿಂದಿನ ದಿನ ಮನೆಮನೆಗೆ ಒಂದು ಮಾತು ಹೋಗಲಿ: ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಫಲಿತಾಂಶ ನೋಡುವಾಗ ಮಗು ಒಂದೇ ಇರಬಾರದು. 18ರ ಒಳಗಿನವರಿಗೆ 1098 ಸಹಾಯವಾಣಿ ಇದೆ, ಮನೆಯಲ್ಲಿ ಹೊಡೆತ ತಿನ್ನುವ ಹೆಣ್ಣುಮಕ್ಕಳಿಗೆ 181. ಇವೆರಡನ್ನೂ 14416ರ ಕೆಳಗೆ ಅದೇ ಗೋಡೆಗೆ ಬರೆಸಿ.